ಅಳಿಯನ ತೊಟ್ಟಿಲು

ಅಬುಧಾಬಿಗೆ ಹೊರಡುವ ಮುಂಚಿನ ದಿನ ಅಕ್ಕ ಮನೆಗೆ ಬಂದು ನಮ್ಮ ಕೈಗೆ ಎರಡು ಕಟ್ಟು ಕೊಟ್ಟರು. ಒಂದರಲ್ಲಿ ಒಣ ಮೀನು, ಇನ್ನೊಂದರಲ್ಲಿ ಮಾವಿನ ಉಪ್ಪಿನಕಾಯಿ. ಮಗನಿಗೆ ತಲುಪಿಸಬೇಕಾದ ಮೂರನೆಯದ್ದು ಬಾಯಿಮಾತಿನದ್ದು.

"ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಬಾ. ಅಲ್ಲಿ ಎಂಥದೋ ತೊಟ್ಟಿಲಲ್ಲಿ ಕೂತು ದುಡ್ಡು ಹಾಳು ಮಾಡ್ತಾನಂತೆ. ಇಲ್ಲಿ ಮನೆಯ ಸ್ಲ್ಯಾಬ್ ಹಾಕ್ಲಿಕ್ಕೆ ಬಾಕಿ ಉಂಟು. ನನ್ನ ಮಾತು ಕೇಳೂದಿಲ್ಲ. ನೀನು ಉಸ್ತಾದ್ ಅಲ್ವಾ, ನೀನು ಹೇಳಿದ್ರೆ ಕೇಳ್ತಾನೆ."

ಆಯ್ತು ಅಂದೆವು. ಇಪ್ಪತ್ತು ವರ್ಷದಿಂದ ಮದ್ರಸದ ಮಕ್ಕಳಿಗೆ ಬುದ್ಧಿ ಹೇಳಿಕೊಂಡು ಬಂದವರು ನಾವು. ಇದೇನು ದೊಡ್ಡ ಕೆಲಸ ಅಂತ ಮನಸ್ಸಿನಲ್ಲಿತ್ತು.

ಅಕ್ಕ ತೊಟ್ಟಿಲು ಅಂದದ್ದು ರೋಲರ್ ಕೋಸ್ಟರಿಗೆ. ಅವರು ಕಂಡದ್ದು ಉರೂಸಿನ ಸಂತೆಯ ತೊಟ್ಟಿಲು ಮತ್ತು ಮರಣ ಬಾವಿ, ಅಷ್ಟೇ. ಮಗ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಕೆಂಪು ಹಳಿಯ ಫೋಟೊ ಹಾಕುತ್ತಾನೆ, ಊರಿನಲ್ಲಿ ನೋಡಿದವರು ಸಂಜೆಯೊಳಗೆ ಅದನ್ನು ಅಕ್ಕನ ಕಿವಿಗೆ ಮುಟ್ಟಿಸುತ್ತಾರೆ. "ನಿಮ್ಮ ಹುಡುಗ ಇವತ್ತೂ ಪಾರ್ಕಿನಲ್ಲಿದ್ದಾನೆ" ಅಂತ. ನಮ್ಮ ಊರುಗಳಲ್ಲಿ ಗಲ್ಫಿನ ಹುಡುಗರ ಲೆಕ್ಕಪತ್ರ ಇಡುವವರಿಗೇನೂ ಕಡಿಮೆ ಇಲ್ಲ.

ನಿಜ ಹೇಳಬೇಕಾದರೆ ಆ ಹುಡುಗನಿಗೆ ಈ ಹುಚ್ಚು ಹಿಡಿಸಿದ್ದರಲ್ಲಿ ನಮ್ಮ ಪಾಲೂ ಉಂಟು. ಐದು ವರ್ಷಕ್ಕೊಮ್ಮೆ ನಡೆಯುವ ಉಳ್ಳಾಲ ಉರೂಸಿಗೆ ಅವನನ್ನು ಮೊದಲ ಸಲ ಕರೆದುಕೊಂಡು ಹೋಗಿ ತೊಟ್ಟಿಲಲ್ಲಿ ಕೂರಿಸಿದ್ದು ನಾವೇ. ಆಗ ಅವನಿಗೆ ಒಂಬತ್ತೋ ಹತ್ತೋ. ತೊಟ್ಟಿಲು ಮೇಲೆ ಹೋಗಿ ನಿಂತಾಗ ನಾವು ಕಣ್ಣು ಮುಚ್ಚಿ ಸರಳು ಹಿಡಿದುಕೊಂಡಿದ್ದೆವು. ಅವನು ಎದ್ದು ನಿಂತು ನೇತ್ರಾವತಿ ಸೇತುವೆ ಎಲ್ಲಿ ಕಾಣ್ತದೆ ಅಂತ ಹುಡುಕುತ್ತಿದ್ದ. ಕುಪ್ಪಾಯ ಹಿಡಿದು ಕೂರಿಸಬೇಕಾಯಿತು.

ಮೂರ್ನಾಲ್ಕು ವರ್ಷ ಕಳೆದು ಮದ್ರಸದಿಂದ ಬೆಂಗಳೂರಿಗೆ ಟೂರ್ ಹೋದೆವು. ರಾತ್ರಿಯಿಡೀ ಶಿರಾಡಿ ಘಾಟಿ ಹತ್ತಿ, ಬೆಳಿಗ್ಗೆ ಬಿಡದಿಯ ವಂಡರ್‌ಲಾ ಗೇಟಿನ ಮುಂದೆ. ವಿ-ಗಾರ್ಡ್ ಸ್ಟೆಬಿಲೈಸರಿನ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಅಂತ ಶುರು ಮಾಡಿ, 2005ರಲ್ಲಿ ಬಿಡದಿಗೆ ತಂದ ಪಾರ್ಕ್ ಅದು. ಕರಾವಳಿಯಲ್ಲಿ ಶಾಲೆಯ ಟೂರ್ ಅಂದರೆ ಅಲ್ಲಿಗೇ ಎಂಬ ಹಾಗೆ ಆಗಿಬಿಟ್ಟಿತ್ತು. ನಮ್ಮ ಟಿಕೆಟಿಗೂ ದುಡ್ಡು ಕೊಟ್ಟಾಗಿತ್ತು. ಆದರೂ ನಾವು ಮೂವರು ಉಸ್ತಾದರು ಯಾವುದಕ್ಕೂ ಹತ್ತಲಿಲ್ಲ. ಮಕ್ಕಳ ಚಪ್ಪಲಿ, ಟೋಪಿ, ಕನ್ನಡಕ ರಾಶಿ ಹಾಕಿಕೊಂಡು ಸಂಜೆಯವರೆಗೆ ಕೆಳಗೆ ಕಾದು ನಿಂತೆವು. ಅಳಿಯ ಒಂದೇ ಯಂತ್ರದಲ್ಲಿ ಐದು ಸಲ ಕೂತು ಬಂದು, "ಮಾಮ, ನೀವು ಒಂದು ಸಲ ಬನ್ನಿ" ಅಂತ ಕೈ ಹಿಡಿದು ಎಳೆದ. ನಾವು ಬೈದು ಕಳಿಸಿದೆವು.

ಈಗ ಅವನಿಗೆ 24. ಅಬುಧಾಬಿಗೆ ಹೋಗಿ ನಾಲ್ಕು ವರ್ಷ. ಬಿಲ್ಡಿಂಗ್ ಮೆಂಟೆನೆನ್ಸ್ ಕಂಪೆನಿಯೊಂದರಲ್ಲಿ ಕೆಲಸ, ಮುಸಫ್ಫಾದಲ್ಲಿ ಆರು ಮಂದಿ ಇರುವ ರೂಮು. ಅಕ್ಕನಿಗೆ ತಿಳಿದಂತೆ ಕೆಲಸ ಎ.ಸಿ.ಯ ಕೆಳಗೆ, ತಂಪಲ್ಲಿ. ನಮಗೂ ಅಷ್ಟೇ ತಿಳಿದಿದ್ದದ್ದು.

ರೂಮಿನಲ್ಲಿ ಅವನ ಮಂಚದ ತಲೆದಿಂಬಿನ ಅಡಿಯಲ್ಲಿ ಒಂದು ನೂರು ಪುಟದ ಪುಸ್ತಕ. ಯಾವ ದಿನ ಯಾವ ಕೋಸ್ಟರ್, ಎಷ್ಟನೇ ಸಾಲಿನ ಸೀಟು, ಗಾಳಿ ಇತ್ತಾ, ಎಷ್ಟು ಹೊತ್ತು ಕ್ಯೂ, ಎಲ್ಲ ಬರೆದಿಟ್ಟಿದ್ದಾನೆ. ಇದರ ಪ್ರೀತಿ ಇರುವವರು ಜಗತ್ತಿನಲ್ಲೆಲ್ಲ ಹೀಗೆಯೇ ಲೆಕ್ಕ ಇಡುತ್ತಾರಂತೆ. ಹೊಸ ಕೋಸ್ಟರ್ ಒಂದರಲ್ಲಿ ಕೂತರೆ ಅದಕ್ಕೆ ಒಂದು 'ಕ್ರೆಡಿಟ್'. ದುಬೈಯ ಐಎಂಜಿ ವರ್ಲ್ಡ್ಸ್‌ನಲ್ಲಿ ಒಂದು, ದುಬೈ ಹಿಲ್ಸ್ ಮಾಲಿನೊಳಗೇ ಇರುವ ಸ್ಟಾರ್ಮ್ ಕೋಸ್ಟರ್ ಒಂದು, ಬಿಡದಿಯದ್ದೂ ಸೇರಿಸಿ ಬರೆದಿದ್ದ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ ನ್ಯೂಜೆರ್ಸಿಯ ಕಿಂಗ್ಡಾ ಕಾ ಎಂಬ 139 ಮೀಟರ್ ಎತ್ತರದ ಕೋಸ್ಟರನ್ನು 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಬೀಳಿಸಿದ್ದು. "ನಾನು ಕೂರುವ ಮೊದಲೇ ಹೋಯ್ತು ಮಾಮ" ಅಂದ. ಯಾರೋ ನೆಂಟರು ತೀರಿಹೋದ ಹಾಗೆ ಮುಖ.

ನ್ಯಾಷನಲ್ ಡೇ ರಜೆಯ ಜನಸಂದಣಿ ಮುಗಿದ ಮೇಲಿನ ಒಂದು ದಿನ ಯಾಸ್ ದ್ವೀಪಕ್ಕೆ ಹೊರಟೆವು. ಹೊರಡುವಾಗಲೇ ಅಳಿಯನ ಕಟ್ಟುನಿಟ್ಟು: "ಮುಂಡು ಬೇಡ ಮಾಮ, ಪ್ಯಾಂಟು ಹಾಕಿ. ಹೊಟ್ಟೆ ತುಂಬ ತಿನ್ನಬೇಡಿ." ಪ್ಯಾಂಟು ಹಾಕದೆ ನಮಗೆ ವರ್ಷಗಳೇ ಆಗಿತ್ತು. ಅವನದ್ದೇ ಒಂದನ್ನು ಕೊಟ್ಟ. ಸೊಂಟಕ್ಕೆ ಬಿಗಿ, ಕಾಲಿಗೆ ಉದ್ದ.

ಫೆರಾರಿ ವರ್ಲ್ಡ್ 2010ರ ನವೆಂಬರಿನಲ್ಲಿ ತೆರೆದದ್ದು. ದೂರದಿಂದ ಕಾಣುವುದು ದೊಡ್ಡದೊಂದು ಕೆಂಪು ಮಾಡು, ಅದರ ಮೇಲೆ ಕುದುರೆಯ ಗುರುತು. ಪಾರ್ಕಿನ ಹೆಚ್ಚಿನ ಭಾಗ ಆ ಮಾಡಿನ ಅಡಿಯಲ್ಲಿಯೇ, ಎ.ಸಿ.ಯಲ್ಲಿ. ಆ ಊರಿನ ಬಿಸಿಲಿಗೆ ಬೇರೆ ದಾರಿಯೂ ಇಲ್ಲ. ಒಳಗೆ ಹೋಗುವ ಟಿಕೆಟಿನ ದುಡ್ಡು ಸಣ್ಣದಲ್ಲ. ನಮ್ಮ ರೂಪಾಯಿಗೆ ಲೆಕ್ಕ ಹಾಕಿದಾಗ ಬಾಯಿ ಒಣಗಿತು. ಅಕ್ಕನ ಮಾತು ನೆನಪಾಗಿ, ಮಧ್ಯಾಹ್ನ ಊಟಕ್ಕೆ ಕೂತಾಗ ಶುರು ಮಾಡಬೇಕು ಅಂತ ನಿಶ್ಚಯ ಮಾಡಿಕೊಂಡೆವು. ಅಳಿಯ ದಿನದ ಟಿಕೆಟು ತೆಗೆಯುವುದಿಲ್ಲ, ವರ್ಷದ ಪಾಸು ಇಟ್ಟುಕೊಂಡಿದ್ದಾನೆ. ವಾರದ ರಜೆಯ ದಿನ ಬರುತ್ತಾನೆ, ಮನೆಯಿಂದ ನೀರು ತುಂಬಿದ ಹೊಟ್ಟೆಯಲ್ಲಿ ಬಂದು, ಒಂದು ದಿರ್ಹಮನ್ನೂ ಒಳಗೆ ಬಿಚ್ಚದೆ ಹೋಗುತ್ತಾನೆ. ಕಾಫಿ ಸಹ ಕುಡಿಯುವುದಿಲ್ಲ.

ಮೊದಲು ಕರೆದುಕೊಂಡು ಹೋದದ್ದು ಮಿಷನ್ ಫೆರಾರಿಗೆ. 2023ರಲ್ಲಿ ಬಂದದ್ದು, ಕತ್ತಲೆಯ ಒಳಗೆ ಓಡುವಂಥದ್ದು. ದೊಡ್ಡ ಪರದೆಗಳ ಮೇಲೆ ಗೂಢಚಾರರ ಕತೆ ಏನೋ ನಡೆಯುತ್ತಿರುತ್ತದೆ, ನಮಗೆ ತಲೆಬುಡ ಅರ್ಥವಾಗಲಿಲ್ಲ. ನಡುವೆ ಒಂದು ಕಡೆ ಗಾಡಿ ನಿಲ್ಲುತ್ತದೆ. ಮುಗಿಯಿತು ಅಂತ ಉಸಿರು ಬಿಡುವಾಗ ಹಳಿಯ ತುಂಡು ಸಮೇತ ಅಡ್ಡಕ್ಕೆ ಜಾರಿ ಬೀಳುತ್ತದೆ. ಮುಂದಕ್ಕಲ್ಲ, ಹಿಂದಕ್ಕಲ್ಲ, ಬದಿಗೆ. ದೋಣಿಯಲ್ಲಿ ಹೋದವರಿಗೆ ಆ ಭಾವ ಸ್ವಲ್ಪ ಗೊತ್ತಿರಬಹುದು. ಜಗತ್ತಿನಲ್ಲಿ ಹೀಗೆ ಬೀಳುವ ಕೋಸ್ಟರ್ ಇದೇ ಮೊದಲು ಅಂತ ಅಳಿಯ ತನ್ನದೇ ಆಸ್ತಿ ಎಂಬ ಹಾಗೆ ಹೇಳಿದ.

ಎರಡನೆಯದು ಫ್ಲೈಯಿಂಗ್ ಏಸಸ್. 63 ಮೀಟರ್ ಎತ್ತರಕ್ಕೆ 51 ಡಿಗ್ರಿ ಕಡಿದಾಗಿ ಏರಿಸಿ ಕೆಳಗೆ ಬಿಡುತ್ತಾರೆ, ವೇಗ ಗಂಟೆಗೆ 120 ಕಿಲೋಮೀಟರ್. ಹೊರಬದಿಯ ಸೀಟುಗಳು ಹಳಿಯ ಎರಡು ಬದಿಗೆ ರೆಕ್ಕೆಯ ಹಾಗೆ ಚಾಚಿಕೊಂಡಿರುತ್ತವೆ, ಅಲ್ಲಿ ಕೂತವರ ಕಾಲ ಕೆಳಗೆ ಹಳಿಯೂ ಇಲ್ಲ, ನೆಲವೂ ಇಲ್ಲ. ಇದಕ್ಕೊಂದು ಕತೆ ಉಂಟು. ಫ್ರಾನ್ಸೆಸ್ಕೊ ಬರಾಕ್ಕಾ ಎಂಬ ಇಟಲಿಯ ಪೈಲಟ್ ಮೊದಲ ಮಹಾಯುದ್ಧದಲ್ಲಿ ತನ್ನ ವಿಮಾನದ ಮೇಲೆ ಕುದುರೆಯ ಚಿತ್ರ ಹಾಕಿಕೊಂಡಿದ್ದ. 1918ರಲ್ಲಿ ಅವನು ಸತ್ತ. ಆಮೇಲೆ ಅವನ ತಾಯಿಯೇ ಆ ಗುರುತನ್ನು ಎಂಜೋ ಫೆರಾರಿಗೆ, ನಿನ್ನ ಕಾರಿಗೆ ಹಾಕಿಕೋ, ಒಳ್ಳೆಯದಾಗ್ತದೆ ಅಂತ ಕೊಟ್ಟರಂತೆ. ಮಾಡಿನ ಮೇಲಿರುವುದು ಅದೇ ಕುದುರೆ. ಮಗನನ್ನು ಆಕಾಶಕ್ಕೆ ಕಳಿಸಿ ಕಳೆದುಕೊಂಡ ತಾಯಿಯ ಕತೆ ಕೇಳಿಕೊಂಡು ನಾವು ಸಾಲಿನಲ್ಲಿ ನಿಂತಿದ್ದೆವು. ಆಗ ಅದು ಬರೀ ಕತೆ.

ಹೊರಗೆ ಬಂದಾಗ ಆ ಕೆಂಪು ಮಾಡಿನ ಮೇಲೆ ಐದಾರು ಮಂದಿ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ನಡೆಯುವುದು ಕಂಡಿತು. ರಿಪೇರಿಯವರು ಅಂದುಕೊಂಡೆವು. ಅಲ್ಲ, ಅದು ರೂಫ್ ವಾಕ್, ಅದಕ್ಕೆ ಬೇರೆಯೇ ಟಿಕೆಟು. ಅಳಿಯ ನಗುತ್ತಾ ನಿಂತ. ಎಷ್ಟು ನಕ್ಕ ಅಂದರೆ ಕಣ್ಣಲ್ಲಿ ನೀರು ಬಂತು. "ನೋಡಿ ಮಾಮ, ದುಡ್ಡು ಕೊಟ್ಟು ಮಾಡೂದು!" ಇದರಲ್ಲಿ ಅಷ್ಟು ನಗಲಿಕ್ಕೆ ಏನುಂಟು ಅಂತ ನಮಗೆ ತಿಳಿಯಲಿಲ್ಲ.

ಆಮೇಲೆ ಫಾರ್ಮುಲಾ ರೋಸ್ಸಾ.

ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಇಲ್ಲದಿದ್ದರೆ ಅಳಿಯ ಮುನಿಸಿಕೊಳ್ಳುತ್ತಾನೆ. ನಿಂತಲ್ಲಿಂದ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟಲು ಇದಕ್ಕೆ ಬೇಕಾದದ್ದು 4.9 ಸೆಕೆಂಡು. ನಮ್ಮ ವಂದೇ ಭಾರತ್ ರೈಲು ಓಡುವ ಗರಿಷ್ಠ ವೇಗವೇ 160. ಎಂಜಿನ್ ಗಾಡಿಯಲ್ಲಿ ಇಲ್ಲ. ಪಂಪುಗಳು ಎಣ್ಣೆಯನ್ನು ಒತ್ತಿ ಒತ್ತಿ ನೈಟ್ರೋಜನ್ ಗಾಳಿಯನ್ನು ಬಿಗಿ ಮಾಡಿಡುತ್ತವೆ. ಬಿಟ್ಟ ಕೂಡಲೇ ಆ ಒತ್ತಡ ದೊಡ್ಡದೊಂದು ರಾಟೆಯನ್ನು ತಿರುಗಿಸುತ್ತದೆ, ರಾಟೆ ಹಗ್ಗವನ್ನು ಸುತ್ತಿಕೊಳ್ಳುತ್ತದೆ, ಹಗ್ಗ ಗಾಡಿಯನ್ನು ಎಳೆದು ಎಸೆಯುತ್ತದೆ. ಕವಣೆಯ ಕೆಲಸವೇ. ಮಾಡಿನ ಅಡಿಯಿಂದ ಹೊರಬಿದ್ದ ಗಾಡಿ 52 ಮೀಟರ್ ಎತ್ತರದ ಗುಡ್ಡ ಹತ್ತಿ, ಬಯಲಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಓಡಿ, ಒಂದೂವರೆ ನಿಮಿಷದಲ್ಲಿ ವಾಪಸ್. ಕೂತವರಿಗೆಲ್ಲ ಕಣ್ಣಿಗೆ ದಪ್ಪ ಗಾಗಲ್ ಕೊಡುತ್ತಾರೆ. ಆ ವೇಗದಲ್ಲಿ ಒಂದು ಮರಳಿನ ಕಣ, ಒಂದು ಸೊಳ್ಳೆ ಕಣ್ಣಿಗೆ ಬಡಿದರೂ ಕಷ್ಟ.

ತೆರೆದ ದಿನದಿಂದ 15 ವರ್ಷ ಇದೇ ಜಗತ್ತಿನ ಅತಿ ವೇಗದ ಕೋಸ್ಟರ್ ಆಗಿತ್ತು. ಈಗ ಆ ಪಟ್ಟ ಸೌದಿಗೆ ಹೋಗಿದೆ. ರಿಯಾದಿನ ಹತ್ತಿರ ಖಿದ್ದಿಯಾದಲ್ಲಿ 2025ರ ಡಿಸೆಂಬರ್ 31ಕ್ಕೆ ತೆರೆದ ಪಾರ್ಕಿನಲ್ಲಿ ಫಾಲ್ಕನ್ಸ್ ಫ್ಲೈಟ್ ಅಂತ ಒಂದು ಬಂದಿದೆ. ವೇಗ 250, ಎತ್ತರ 195 ಮೀಟರ್, ಹಳಿಯ ಉದ್ದ 4 ಕಿಲೋಮೀಟರಿಗೂ ಮೇಲೆ. ಎರಡನ್ನೂ ಕಟ್ಟಿದ್ದು ಇಂಟಾಮಿನ್ ಎಂಬ ಒಂದೇ ಕಂಪೆನಿ. ಸೌದಿಯದ್ದಕ್ಕೆ ಎಣ್ಣೆ, ಹಗ್ಗ ಇಲ್ಲ, ಅಯಸ್ಕಾಂತದ ಬಲದಲ್ಲಿ ದೂಡುವುದು. ನಾವು ಹೋದಾಗ ಅದು ಇನ್ನೂ ತೆರೆದಿರಲಿಲ್ಲ. ಅಳಿಯ ಮಾತ್ರ ದಿನ ಎಣಿಸುತ್ತಿದ್ದ. ಉಮ್ರಾಕ್ಕೆ ಹೋಗುವಾಗ ದಾರಿಯಲ್ಲಿ ಸಿಗ್ತದಲ್ವಾ ಮಾಮ ಅಂತ ಕೇಳಿದ. ಉತ್ತರ ಕೊಡಲಿಲ್ಲ.

ನಾವು ಕೂರುವುದಿಲ್ಲ ಅಂತಲೇ ಇದ್ದೆವು. ಟೋಪಿ, ಕನ್ನಡಕ, ಚಪ್ಪಲಿ ಕಾಯುವ ಕೆಲಸ ನಮಗೆ ಅಭ್ಯಾಸವೂ ಉಂಟು. ಆದರೆ ಅಲ್ಲಿ ಅದಕ್ಕೆಲ್ಲ ಲಾಕರು ಇತ್ತು, ನಮಗೆ ನೆಪ ಇರಲಿಲ್ಲ. ಅಳಿಯ ಕೈ ಹಿಡಿದು, "ಬಿಡದಿಯಲ್ಲಿ ಬರ್ಲಿಲ್ಲ ನೀವು" ಅಂದ. ಹನ್ನೆರಡು ವರ್ಷ ನೆನಪಿಟ್ಟುಕೊಂಡಿದ್ದಾನೆ! ರಕ್ತದೊತ್ತಡ ಇದ್ದವರು, ಬೆನ್ನು ನೋವಿನವರು, ಬಸುರಿಯರು ಇಂಥದ್ದಕ್ಕೆ ಕೂರಬಾರದು ಅಂತ ಬೋರ್ಡು ಇತ್ತು. ನಮಗೆ ಸದ್ಯ ಅದೊಂದೂ ಇಲ್ಲ. (ವಿಸಿಟ್ ವೀಸಾದಲ್ಲಿ ಹೋಗುವ ಹೆಂಗಸರಿಗೆ ಒಂದು ಮಾತು: ಶಾಲು, ದುಪ್ಪಟ್ಟದ ತುದಿ ಹಾರುವ ಹಾಗೆ ಬಿಡಬೇಡಿ. ಒಳಗೆ ಸಿಕ್ಕಿಸಿಕೊಂಡು ಹೋಗಿ, ಪಿನ್ನು ಕಡಿಮೆ ಮಾಡಿ. ಕ್ಯೂವಿನಲ್ಲಿ ಒಂದು ಗಂಟೆ ನಿಂತು ಕೊನೆಯಲ್ಲಿ ವಾಪಸ್ ಕಳಿಸಿದ್ದನ್ನು ನಾವೇ ಕಂಡೆವು.)

ಕೂತೆವು. ತೊಡೆಯ ಮೇಲೆ ಕಬ್ಬಿಣದ ಕೈ ಬಂದು ಕೂತಿತು. ಅಲ್ಲಿಯ ಹುಡುಗಿ ಬಂದು ಒತ್ತಿ ನೋಡಿ ಹೋದಳು. ಅವಳು ಹೋದ ಮೇಲೆ ಅಳಿಯ ತನ್ನ ಕಬ್ಬಿಣವನ್ನು ಎರಡು ಸಲ ಜಗ್ಗಿದ, ಆಮೇಲೆ ಬಗ್ಗಿ ನಮ್ಮದನ್ನೂ ಎರಡು ಸಲ ಜಗ್ಗಿದ. ನಂತರ ಅವನ ಕೈ ತಾನಾಗಿಯೇ ಅವನ ಎದೆಯ ಹತ್ತಿರ ಹೋಗಿ ಇಲ್ಲದ ಕೊಕ್ಕೆಯೊಂದನ್ನು ತಡಕಿತು.

"ಎಂಥ ಅದು?" ಅಂತ ಕೇಳಿದೆವು.

"ಕೆಲಸದ ಅಭ್ಯಾಸ ಮಾಮ. ಬೆಲ್ಟಿನ ಹುಕ್ ನೋಡೂದು."

"ಎ.ಸಿ. ಕೆಲಸಕ್ಕೆ ಎಂಥ ಬೆಲ್ಟು?"

ಅವನು ಮುಂದೆ ನೋಡುತ್ತಾ ಹೇಳಿದ. "ಎ.ಸಿ. ಅಲ್ಲ ಮಾಮ. ಗ್ಲಾಸ್ ಕ್ಲೀನಿಂಗ್. ಹೊರಗಿಂದ. ನಲ್ವತ್ತು ಮಾಳಿಗೆ."

ನಾವು "ಯಾ ಅಲ್ಲಾಹ್" ಅಂದದ್ದು ನಲ್ವತ್ತು ಮಾಳಿಗೆಗೆ. ಅಷ್ಟರಲ್ಲಿ ಗಾಡಿ ಬಿಟ್ಟಾಗಿತ್ತು.

ಆ 4.9 ಸೆಕೆಂಡಿನ ಬಗ್ಗೆ ಹೇಳಲಿಕ್ಕೆ ನಮ್ಮಲ್ಲಿ ಹೆಚ್ಚೇನೂ ಇಲ್ಲ. ಬಿಸ್ಮಿ ಪೂರ್ತಿ ಆಗಲಿಲ್ಲ. ಬೆನ್ನು ಸೀಟಿಗೆ ಅಂಟಿತು, ಕೆನ್ನೆ ಕಿವಿಯ ಕಡೆ ಹೋಯಿತು, ಗಡ್ಡ ಎರಡು ಸೀಳಾಗಿ ಕುತ್ತಿಗೆಗೆ ಬಡಿಯಿತು. ಗುಡ್ಡದ ತುದಿಯಲ್ಲಿ ಮೈ ಸೀಟಿನಿಂದ ಎದ್ದಿತು, ತೊಡೆಯ ಮೇಲಿನ ಆ ಕಬ್ಬಿಣ ಒಂದೇ ನಮ್ಮನ್ನು ಈ ಲೋಕದಲ್ಲಿ ಹಿಡಿದುಕೊಂಡಿತ್ತು. ಪಕ್ಕದಲ್ಲಿ ಅಳಿಯ ಎರಡೂ ಕೈ ಮೇಲೆತ್ತಿ ಬೊಬ್ಬೆ ಹಾಕುತ್ತಿದ್ದ. ಸಂತೋಷದ ಕೂಗು ಅಂತ ಮೊದಲು ಅನ್ನಿಸಿತು. ಹೊಟ್ಟೆಯ ಅಡಿಯಿಂದ ಬರುವ, ಉಸಿರು ಮುಗಿಯುವವರೆಗೆ ನಿಲ್ಲದ ಕೂಗು. ಮಕ್ಕಳಾಗಿದ್ದಾಗಲೂ ಅವನು ಹಾಗೆ ಕೂಗಿದ್ದನ್ನು ನಾವು ಕೇಳಿರಲಿಲ್ಲ. ಒಂದು ತಿರುವಿನ ನಂತರ ನಾವೂ ಕೂಗಲು ಶುರು ಮಾಡಿದೆವು. ನಾಚಿಕೆ ಆಗಲಿಲ್ಲ, ಯಾರಿಗೂ ಯಾರ ಸ್ವರವೂ ಕೇಳುವುದಿಲ್ಲ ಅಲ್ಲಿ.

ಇಳಿದಾಗ ಕಾಲು ನಡುಗುತ್ತಿತ್ತು. ಬೆಂಚೊಂದರಲ್ಲಿ ಕೂತೆವು. ಅಕ್ಕ ಕೊಟ್ಟ ಮೂರನೇ ಕಟ್ಟನ್ನು ಬಿಚ್ಚುವ ಹೊತ್ತು ಅದೇ ಆಗಿತ್ತು, ಆದರೆ ಮಾತಾಡಿದ್ದು ಅವನು. ಮಾಳಿಗೆಯ ತುದಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಒಂದು ಉದ್ದದ ಬುಟ್ಟಿ, ಅದರಲ್ಲಿ ಇಬ್ಬರು, ನೀರಿನ ಬಕೆಟು, ರಬ್ಬರಿನ ಪಟ್ಟಿ. ಮೇಲಿಂದ ಕೆಳಗೆ ಗ್ಲಾಸು ಒರೆಸುತ್ತಾ ಬರಬೇಕು. ಬುಟ್ಟಿಗೆ ಬೇರೆ ಹಗ್ಗ, ಮನುಷ್ಯನ ಬೆಲ್ಟಿಗೆ ಬೇರೆ ಹಗ್ಗ. ಬುಟ್ಟಿ ಹೋದರೂ ಮನುಷ್ಯ ಹೋಗಬಾರದು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಿನ ಕೆಲಸಕ್ಕೆ ಅಲ್ಲಿಯ ಸರಕಾರದ ನಿಷೇಧ ಇದೆ, ಉಳಿದ ಹೊತ್ತು ಗ್ಲಾಸಿನ ಝಳ ಮುಖಕ್ಕೆ.

"ಆ ಬುಟ್ಟಿಗೆ ಎಂಥ ಹೇಳೂದು ಗೊತ್ತಾ ಮಾಮ? ಕ್ರೇಡಲ್. ಉಮ್ಮ ಹೇಳಿದ್ದು ಸರಿಯೇ, ನಾನು ತೊಟ್ಟಿಲಲ್ಲೇ ಇರೂದು."

ಹೆದರಿಕೆ ಆಗುವುದಿಲ್ಲವಾ ಅಂತ ಕೇಳಿದೆವು. "ಗಾಳಿ ಬಂದು ಕ್ರೇಡಲ್ ಗೋಡೆಯಿಂದ ದೂರ ಹೋದಾಗ ಹೊಟ್ಟೆಯಲ್ಲಿ ಇದೇ ಆಗೂದು, ಈಗ ಗುಡ್ಡದಲ್ಲಿ ಆಯ್ತಲ್ಲ, ಅದೇ. ಆದ್ರೆ ಅಲ್ಲಿ ಬೊಬ್ಬೆ ಹಾಕ್ಲಿಕ್ಕೆ ಇಲ್ಲ. ಪಕ್ಕದಲ್ಲಿ ಹೊಸ ಹುಡುಗ ಇರ್ತಾನೆ, ನಾನು ಕೂಗಿದ್ರೆ ಅವನ ಕೈ ಬಿಟ್ಟು ಹೋಗ್ತದೆ." ಸ್ವಲ್ಪ ಹೊತ್ತು ಬಿಟ್ಟು, "ಇಲ್ಲಿ ಕೂಗಬಹುದು" ಅಂದ.

ದುಡ್ಡಿನ ಮಾತನ್ನು ನಾವು ಬಿಡಲಿಲ್ಲ, ಕೇಳಿದೆವು. ನೂರು ಪುಟದ ಪುಸ್ತಕದ ಹಿಂದಿನ ಹಾಳೆಗಳನ್ನು ರಾತ್ರಿ ರೂಮಿನಲ್ಲಿ ತೋರಿಸಿದ. ಊರಿಗೆ ಕಳಿಸಿದ್ದು, ಮೆಸ್ಸಿಗೆ ಕೊಟ್ಟದ್ದು, ಫೋನಿಗೆ, ತಂಗಿಯ ಚಿನ್ನಕ್ಕೆ ಅಂತ ಬೇರೆ ತೆಗೆದಿಟ್ಟದ್ದು. ಪಾಸಿನ ದುಡ್ಡು ಒಂದು ಸಾಲು. ಆ ದುಡ್ಡಿನಲ್ಲಿ ಸ್ಲ್ಯಾಬಿನ ಒಂದು ಮೂಲೆಯೂ ಆಗುವುದಿಲ್ಲ. ಒಂದೇ ದಿನಕ್ಕೆ ಹೆಂಡತಿ ಮಕ್ಕಳೊಂದಿಗೆ ಹೋಗಿ ಸಾಲ ಮಾಡಿಕೊಂಡು ಬರುವವರಿಗೆ ಇದು ದುಬಾರಿಯೇ, ಅದರಲ್ಲಿ ನಮ್ಮ ಅಭಿಪ್ರಾಯ ಬದಲಾಗಿಲ್ಲ. ಈ ಹುಡುಗನ ಆ ಒಂದು ಸಾಲಿನ ಮೇಲೆ ಬೆರಳಿಡಲು ಮಾತ್ರ ನಮಗೆ ಮನಸ್ಸು ಬರಲಿಲ್ಲ.

ಬೆಂಚಿನಲ್ಲಿ ಕೂತು ಹೇಳಿದ್ದು ಒಂದೇ ಮಾತು. "ಉಮ್ಮನಿಗೆ ಹೇಳು ಮೋನೇ."

"ಹೇಳಿದ್ರೆ ಅವರಿಗೆ ನಿದ್ರೆ ಬರ್ಲಿಕ್ಕಿಲ್ಲ."

"ಈಗ ಬರ್ತದಾ? ನೀನು ಈ ಪಾರ್ಕಿನಲ್ಲಿ ಬೀಳ್ತೀಯ ಅಂತ ಹೆದರಿ ಕೂತಿದ್ದಾರೆ."

ಅದಕ್ಕೆ ಅವನು ಏನೂ ಹೇಳಲಿಲ್ಲ. ಎದ್ದು ಹೋಗಿ ಇನ್ನೆರಡು ಸಲ ಫಾರ್ಮುಲಾ ರೋಸ್ಸಾದಲ್ಲಿ ಕೂತು ಬಂದ, ಒಬ್ಬನೇ. ನಾವು ಮಗ್ರಿಬ್ ಮುಗಿಸಿ ಗೇಟಿನ ಹತ್ತಿರ ಕಾದೆವು.

ಮುಸಫ್ಫಾಕ್ಕೆ ಬರುವ ಬಸ್ಸಿನಲ್ಲಿ ತಾನಾಗಿಯೇ ಫೋನು ತೆಗೆದ. ಅಕ್ಕ ಎತ್ತಿದ ಕೂಡಲೇ ಕೇಳಿದ್ದು, "ಸ್ವರಕ್ಕೆ ಎಂಥ ಆಯ್ತು ನಿಂಗೆ? ಶೀತವಾ?" ಕೂಗಿ ಕೂಗಿ ಅವನ ಗಂಟಲು ಪೂರ್ತಿ ಕೂತುಹೋಗಿತ್ತು. ಆ ಒಡೆದ ಸ್ವರದಲ್ಲಿಯೇ ಹೇಳಿದ. ಗ್ಲಾಸು, ಹಗ್ಗ, ನಲ್ವತ್ತು ಮಾಳಿಗೆ, ಎಲ್ಲ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಫೋನು ನಮಗೆ ಕೊಡಲು ಹೇಳಿದರು.

"ನೀನು ಅವನನ್ನು ನೋಡಿದೆಯಾ? ಸರಿ ಇದ್ದಾನಾ?"

"ಸರಿ ಇದ್ದಾನೆ ಅಕ್ಕ."

"ಆ ಇನ್ನೊಂದು ತೊಟ್ಟಿಲಲ್ಲಿ ನೀನೂ ಕೂತೆಯಾ?"

ಸುಳ್ಳು ಹೇಳಲಿಕ್ಕಾಗುವುದಿಲ್ಲ, ಹೌದು ಅಂದೆವು. "ನಿಂಗೂ ಬುದ್ಧಿ ಇಲ್ಲ" ಅಂತ ಫೋನು ಇಟ್ಟರು.

ಇದನ್ನು ಬರೆಯಬಹುದಾ ಅಂತ ಇಬ್ಬರಲ್ಲೂ ಕೇಳಿದ್ದೇವೆ. ಅಕ್ಕ, ಹೆಸರು ಹಾಕಬೇಡ ಅಂದರು. ಅಳಿಯ, ವೇಗದ ಲೆಕ್ಕ ಸರಿಯಾಗಿ ಬರೆಯಿರಿ ಅಂದ. ಪಾಸನ್ನು ಅವನು ಈ ವರ್ಷವೂ ಮಾಡಿಸಿದ್ದಾನೆ, ಅಕ್ಕ ಅದರ ಬಗ್ಗೆ ಈಗ ಮಾತೆತ್ತುವುದಿಲ್ಲ. ದಿನಾ ಸಂಜೆ ಅಲ್ಲಿಯ ಕೆಲಸ ಮುಗಿಯುವ ಹೊತ್ತಿಗೆ ಅವನ ಫೋನಿಗೆ ಅಕ್ಕನ ವಾಯ್ಸ್ ಮೆಸೇಜು ಹೋಗುತ್ತದೆ, "ಇಳಿದೆಯಾ?" ಅಂತ. ರಜೆಯ ದಿನವೂ ಹೋಗುತ್ತದೆ. ಅವನು "ಇಳಿದೆ ಉಮ್ಮ" ಅಂತ ಕಳಿಸುತ್ತಾನೆ.